ಹಾಸಿಗೆಯ ಪಕ್ಕದ ಸಂಶೋಧನೆ: ಐಸಿಯು ಶುಶ್ರೂಷೆಯನ್ನು ಒರೆಗೆ ಹಚ್ಚಿದವರು

ತೀವ್ರ ನಿಗಾ ಘಟಕದಲ್ಲಿ ಮಲಗಿರುವ ರೋಗಿಯನ್ನು ವೈದ್ಯರು ರೌಂಡ್ಸ್‌ನಲ್ಲಿ ನೋಡುತ್ತಾರೆ, ತುರ್ತು ಬಿದ್ದಾಗ ಓಡಿ ಬರುತ್ತಾರೆ, ಔಷಧಿ ಬದಲಿಸುತ್ತಾರೆ. ಉಳಿದ ಹೊತ್ತೆಲ್ಲ ಆ ಜೀವ ಇರುವುದು ನರ್ಸ್ ಕೈಯಲ್ಲಿ. ಗಂಟಲಿನ ಟ್ಯೂಬಿನಿಂದ ಕಫ ಎಳೆಯುವುದು, ಮಗ್ಗುಲು ಬದಲಿಸುವುದು, ಬಾಯಿ ಶುಚಿ ಮಾಡುವುದು, ಮುಚ್ಚದ ಕಣ್ಣು ಒಣಗದಂತೆ ಕಾಯುವುದು, ಗಂಟೆಗೊಮ್ಮೆ ಮೂತ್ರದ ಲೆಕ್ಕ ಬರೆಯುವುದು, ಕೂಗುವ ಯಂತ್ರಗಳ ನಡುವೆ ನಿಜವಾದ ಅಪಾಯ ಯಾವುದೆಂದು ಗುರುತಿಸುವುದು ಎಲ್ಲ ಅವರ ಪಾಲಿನ ಕೆಲಸ. ಬಹುಕಾಲ ಈ ಕೆಲಸಗಳು ಹಿರಿಯ ಸಿಸ್ಟರ್ ಕಿರಿಯರಿಗೆ ಕಲಿಸಿಕೊಟ್ಟ ರೂಢಿಯಾಗಿಯೇ ನಡೆದು ಬಂದವು. ಈ ರೂಢಿಗಳಲ್ಲಿ ಯಾವುದು ರೋಗಿಗೆ ನಿಜಕ್ಕೂ ಒಳಿತು ಮಾಡುತ್ತದೆ, ಯಾವುದು ಬರೀ ದಣಿವು, ಯಾವುದು ಗೊತ್ತಿಲ್ಲದೆ ಹಾನಿ ಮಾಡುತ್ತದೆ ಎಂಬುದನ್ನು ಅಳೆದು ನೋಡುವ ಶಾಖೆಯೇ ತೀವ್ರ ನಿಗಾ ಶುಶ್ರೂಷಾ ಸಂಶೋಧನೆ. ಹೊಸ ಔಷಧಿಯ ಸುದ್ದಿಗೆ ಸಿಗುವ ಪ್ರಚಾರ ಇದಕ್ಕೆ ಸಿಗುವುದಿಲ್ಲ. ಆದರೆ ಐಸಿಯುನಿಂದ ಮನೆಗೆ ಮರಳಿದವರ ಬೆನ್ನು, ಶ್ವಾಸಕೋಶ, ಕಣ್ಣು, ನೆನಪು ಎಲ್ಲದರ ಮೇಲೂ ಇದರ ಕೈಗುರುತು ಇದೆ.

ಐಸಿಯು ಹುಟ್ಟಿದ ಬಗೆ

ಗಂಭೀರ ರೋಗಿಗಳನ್ನು ಒಂದೆಡೆ ಇರಿಸಿ ಹತ್ತಿರದಿಂದ ಕಾಯಬೇಕೆಂಬ ಯೋಚನೆ ಫ್ಲಾರೆನ್ಸ್ ನೈಟಿಂಗೇಲ್ ಕಾಲದ್ದು. ಶಸ್ತ್ರಚಿಕಿತ್ಸೆಯಾದವರನ್ನು ಚೇತರಿಸಿಕೊಳ್ಳುವ ತನಕ ಆಪರೇಷನ್ ಕೊಠಡಿಯ ಪಕ್ಕದ ಸಣ್ಣ ಕೋಣೆಯಲ್ಲಿ ಇರಿಸುತ್ತಿದ್ದುದನ್ನು ಆಕೆ 1863ರಲ್ಲೇ ದಾಖಲಿಸಿದ್ದಾರೆ. ಇಂದಿನ ಅರ್ಥದ ಐಸಿಯು ಮಾತ್ರ 1952ರ ಕೋಪನ್‌ಹೇಗನ್ ಪೋಲಿಯೊ ಹಾವಳಿಯ ಕೂಸು. ಬ್ಲೆಗ್‌ಡಾಮ್ ಆಸ್ಪತ್ರೆಗೆ ಉಸಿರಾಟದ ಸ್ನಾಯುಗಳೇ ಸೋತ ಮಕ್ಕಳು ಸಾಲುಸಾಲಾಗಿ ಬರತೊಡಗಿದರು. ಇದ್ದ ಯಂತ್ರಗಳು ಬೆರಳೆಣಿಕೆಯಷ್ಟು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸನ್ ಶ್ವಾಸನಾಳಕ್ಕೆ ರಂಧ್ರ ಮಾಡಿ ಟ್ಯೂಬ್ ಇಳಿಸಿ, ರಬ್ಬರ್ ಚೀಲವನ್ನು ಕೈಯಲ್ಲಿ ಒತ್ತುತ್ತ ಉಸಿರು ತುಂಬುವ ದಾರಿ ತೋರಿಸಿದರು. ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತು, ಹಗಲು ರಾತ್ರಿ ಚೀಲ ಒತ್ತಿ ಆ ಮಕ್ಕಳನ್ನು ಉಳಿಸಿಕೊಂಡರು. ಅವರ ಪಕ್ಕದಲ್ಲೇ ನಿಂತು ಕಫ ತೆಗೆದವರು, ದೇಹ ಒರೆಸಿದವರು, ಹೊರಳಿಸಿದವರು ನರ್ಸುಗಳು. ಮರುವರ್ಷದ ಕೊನೆಗೆ ಅದೇ ನಗರದ ಕೊಮ್ಯುನೆ ಆಸ್ಪತ್ರೆಯಲ್ಲಿ ಇಬ್ಸನ್ ಪ್ರತ್ಯೇಕ ಘಟಕವನ್ನೇ ತೆರೆದರು. ಒಬ್ಬ ರೋಗಿಯ ಬಳಿ ಒಬ್ಬರು ಎಡೆಬಿಡದೆ ಇರಬೇಕು ಎಂಬುದೇ ಅದರ ಮೂಲ ತತ್ವ. ಯಂತ್ರಗಳು ಆಮೇಲೆ ಬಂದವು.

ಮಗ್ಗುಲು ಬದಲಿಸುವ ಲೆಕ್ಕ

ಅಲುಗಾಡದೆ ಮಲಗಿದವರ ಬೆನ್ನಿನ ಬುಡ, ಹಿಮ್ಮಡಿ, ತಲೆಯ ಹಿಂಭಾಗದಲ್ಲಿ ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಸಿಕ್ಕಿಕೊಂಡು, ರಕ್ತ ಸಂಚಾರ ನಿಂತು ಹುಣ್ಣಾಗುತ್ತದೆ. ಐಸಿಯುನಲ್ಲಿ ಈ ಅಪಾಯ ಇಮ್ಮಡಿ. ಬಿದ್ದ ರಕ್ತದೊತ್ತಡವನ್ನು ಎತ್ತಿ ಹಿಡಿಯುವ ಔಷಧಿಗಳು ಚರ್ಮಕ್ಕೆ ಹೋಗುವ ರಕ್ತವನ್ನು ಮೊದಲೇ ಕಡಿಮೆ ಮಾಡಿರುತ್ತವೆ. ಔಷಧಿಯ ಮತ್ತಿನಲ್ಲಿರುವ ರೋಗಿಗೆ ನೋವಾದರೂ ಹೊರಳಲು ಆಗುವುದಿಲ್ಲ.

ಇಂಗ್ಲೆಂಡಿನ ನರ್ಸ್ ಡೊರೀನ್ ನಾರ್ಟನ್ ಮತ್ತು ಸಂಗಡಿಗರು 1962ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಮೊದಲ ದೊಡ್ಡ ಹೆಜ್ಜೆ. ಆ ಕಾಲದಲ್ಲಿ ಹುಣ್ಣು ತಡೆಯಲು ಬಗೆಬಗೆಯ ಮುಲಾಮು, ಲೇಪ, ಸ್ಪಿರಿಟ್ ಬಳಸುತ್ತಿದ್ದರು. ಮೈಗೆ ಹಚ್ಚುವ ಯಾವ ವಸ್ತುವಿಗಿಂತಲೂ ನಿಯಮಿತವಾಗಿ ಮಗ್ಗುಲು ಬದಲಿಸಿ ಒತ್ತಡ ಇಳಿಸುವುದೇ ಫಲಕಾರಿ ಎಂದು ಅವರು ತೋರಿಸಿದರು. ಯಾರಿಗೆ ಹುಣ್ಣಾಗುವ ಸಂಭವ ಹೆಚ್ಚು ಎಂದು ಮುಂಚೆಯೇ ತಿಳಿಯಲು ಅಂಕಪಟ್ಟಿಯೊಂದನ್ನೂ ಮಾಡಿಕೊಟ್ಟರು. 1987ರಲ್ಲಿ ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಸ್ಪರ್ಶದ ಅರಿವು, ತೇವ, ಓಡಾಟ, ಹೊರಳುವ ಶಕ್ತಿ, ಆಹಾರ, ಉಜ್ಜಾಟ ಎಂಬ ಆರು ಅಂಶಗಳಿಗೆ ಅಂಕ ಕೊಟ್ಟರೆ ಒಟ್ಟು 6ರಿಂದ 23ರವರೆಗೆ ಬರುತ್ತದೆ. ಅಂಕ ಇಳಿದಷ್ಟೂ ಅಪಾಯ ಹೆಚ್ಚು. ನಮ್ಮ ಹಲವು ಆಸ್ಪತ್ರೆಗಳ ಐಸಿಯು ಚಾರ್ಟಿನಲ್ಲಿ ಇಂದು ಕಾಣುವ ಬ್ರೇಡನ್ ಸ್ಕೋರ್ ಇದೇ.

ಇಷ್ಟಾದರೂ ‘ಎರಡು ಗಂಟೆಗೊಮ್ಮೆ ಮಗ್ಗುಲು’ ಎಂಬ ನಿಯಮಕ್ಕೆ ಗಟ್ಟಿಯಾದ ಆಧಾರ ಇದೆಯೇ ಎಂದು ಕೇಳಿದವರು ಕಡಿಮೆ. ಬರ್ಗ್‌ಸ್ಟ್ರಾಮ್ ತಂಡವೇ ಅದನ್ನು ಕೇಳಿತು. ಅಮೆರಿಕ ಮತ್ತು ಕೆನಡಾದ 27 ಆರೈಕೆ ಗೃಹಗಳ 942 ಮಂದಿಯನ್ನು ಎರಡು, ಮೂರು, ನಾಲ್ಕು ಗಂಟೆಯ ಮೂರು ಗುಂಪು ಮಾಡಿ ನೋಡಿದರು. 2013ರಲ್ಲಿ ಬಂದ ಫಲಿತಾಂಶದ ಪ್ರಕಾರ, ಒಳ್ಳೆಯ ಫೋಮ್ ಹಾಸಿಗೆಯ ಮೇಲೆ ಮೂರು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಆದರೆ ಆರೈಕೆ ಗೃಹದ ವೃದ್ಧರೇ ಬೇರೆ, ವೆಂಟಿಲೇಟರ್ ಮೇಲಿನ ರೋಗಿಯೇ ಬೇರೆ. ಸ್ಪೇನಿನ ಐಸಿಯು ಒಂದರಲ್ಲಿ ಗಾಳಿ ತುಂಬಿ ಇಳಿಸುವ ಹಾಸಿಗೆಯ ಮೇಲಿದ್ದ 329 ರೋಗಿಗಳನ್ನು ಎರಡು ಗಂಟೆ ಮತ್ತು ನಾಲ್ಕು ಗಂಟೆಯ ಎರಡು ಗುಂಪು ಮಾಡಿ ಹೋಲಿಸಿದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹುಣ್ಣಾದವರು ಕ್ರಮವಾಗಿ ಶೇ. 10.3 ಮತ್ತು ಶೇ. 13.4. ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಇದು ನೆಚ್ಚಬಹುದಾದ ಅಂತರವಲ್ಲ. ಆದರೆ ಎರಡು ಗಂಟೆಗೊಮ್ಮೆ ಹೊರಳಿಸಿದ ಗುಂಪಿನಲ್ಲಿ ಟ್ಯೂಬು, ನಳಿಕೆ ಕಳಚುವಂಥ ತೊಂದರೆಗಳು ಹೆಚ್ಚು ಕಂಡವು. ಹೀಗೆಂದು ಹೊರಳಿಸುವುದನ್ನೇ ಬಿಡಬಾರದು. ಹಾಸಿಗೆ ಎಂಥದ್ದು, ರೋಗಿಯ ಸ್ಥಿತಿ ಏನು ಎಂದು ನೋಡಿ ಹೊತ್ತು ನಿಗದಿ ಮಾಡಬೇಕು ಎಂಬುದು ಇವುಗಳಿಂದ ತಿಳಿಯುವ ಅಂಶ. ಬೆನ್ನಿಗೆ ಸ್ಪಿರಿಟ್ ಹಚ್ಚಿ ಪೌಡರ್ ಹಾಕಿ ಉಜ್ಜುವುದನ್ನು ನಮ್ಮಲ್ಲಿ ಈಗಲೂ ಶ್ರದ್ಧೆಯಿಂದ ಕಲಿಸುತ್ತಾರೆ. ಕೆಂಪಾದ ಮೂಳೆಯುಬ್ಬುಗಳ ಮೇಲೆ ಉಜ್ಜಬಾರದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತ ಬಂದು ವರ್ಷಗಳೇ ಆದವು. ಆ ಪಾಠ ಇನ್ನಾದರೂ ಬದಲಾಗಬೇಕು.

ಹೊರಳಿಸುವ ಕೆಲಸ ನೇರವಾಗಿ ಜೀವ ಉಳಿಸುವುದೂ ಉಂಟು. ಶ್ವಾಸಕೋಶ ತೀವ್ರವಾಗಿ ಹಾಳಾದವರನ್ನು ದಿನಕ್ಕೆ ಕನಿಷ್ಠ 16 ಗಂಟೆ ಬೋರಲು ಮಲಗಿಸಿದ ಫ್ರಾನ್ಸಿನ ಅಧ್ಯಯನದಲ್ಲಿ 28 ದಿನದೊಳಗಿನ ಸಾವು ಶೇ. 32.8ರಿಂದ ಶೇ. 16ಕ್ಕೆ ಇಳಿಯಿತು. ಅದು ಪ್ರಕಟವಾದದ್ದು 2013ರಲ್ಲಿ. ಕೋವಿಡ್ ಬಂದಾಗ ಜಗತ್ತೆಲ್ಲ ಅದನ್ನೇ ಅನುಸರಿಸಿತು. ಗಂಟಲಿನ ಟ್ಯೂಬು, ಕುತ್ತಿಗೆಯ ಲೈನು, ಮೂತ್ರದ ನಳಿಕೆ ಯಾವುದೂ ಜಗ್ಗದಂತೆ ದೊಡ್ಡ ದೇಹವೊಂದನ್ನು ಬೋರಲು ಮಾಡಲು ನಾಲ್ಕೈದು ಮಂದಿ ಬೇಕು. ತಲೆಯ ಬಳಿ ನಿಂತವರು ಎಣಿಸಬೇಕು, ಉಳಿದವರು ಆ ಎಣಿಕೆಗೆ ಒಟ್ಟಿಗೆ ಕೈ ಹಾಕಬೇಕು. ಆಮೇಲೆ ಕೆನ್ನೆ, ಗಲ್ಲ, ಹಣೆಯಲ್ಲಿ ಹುಣ್ಣಾಗದಂತೆ ಮೆತ್ತೆ ಇಟ್ಟು ನೋಡಿಕೊಳ್ಳಬೇಕು. ಆ ಶೇಕಡಾವಾರಿನ ಹಿಂದೆ ಇದ್ದದ್ದು ಈ ಕೈಗಳು.

ಹೇಳಲಾಗದ ನೋವು

ಗಂಟಲಲ್ಲಿ ಟ್ಯೂಬ್ ಇದ್ದವರು ಮಾತಾಡಲಾರರು. ಅವರು ಸುಮ್ಮನಿದ್ದಾರೆ ಎಂದರೆ ನೋವಿಲ್ಲ ಎಂದೇ ಬಹುಕಾಲ ಭಾವಿಸಲಾಗಿತ್ತು. ಅಮೆರಿಕದ ನರ್ಸ್ ಸಂಶೋಧಕಿ ಕ್ಯಾಥ್ಲೀನ್ ಪುಂಟಿಲ್ಲೊ ಆ ನಂಬಿಕೆಯನ್ನು ಕೆದಕಿದರು. 1990ರ ಅಧ್ಯಯನದಲ್ಲಿ ಅವರು ಐಸಿಯುನಿಂದ ಹೊರಬಂದ ರೋಗಿಗಳನ್ನೇ ಕೂರಿಸಿಕೊಂಡು ಕೇಳಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿ ಮಧ್ಯಮದಿಂದ ತೀವ್ರ ನೋವು ಅನುಭವಿಸಿದ್ದಾಗಿ ಹೇಳಿದರು. 2001ರಲ್ಲಿ ಅವರ ತಂಡ 169 ಆಸ್ಪತ್ರೆಗಳಲ್ಲಿ ಸುಮಾರು ಆರು ಸಾವಿರ ರೋಗಿಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿತು. ಕಫ ಎಳೆಯುವುದು, ಗಾಯ ತೊಳೆಯುವುದು, ಡ್ರೇನ್ ತೆಗೆಯುವುದು ಮುಂತಾದ ಆರು ಕೆಲಸಗಳಲ್ಲಿ ಯಾವುದು ಹೆಚ್ಚು ನೋಯುತ್ತದೆ ಎಂಬುದು ಪ್ರಶ್ನೆ. ವಯಸ್ಕರು ಕೊಟ್ಟ ಉತ್ತರ ಯಾರೂ ನಿರೀಕ್ಷಿಸಿದ್ದಲ್ಲ: ಮಗ್ಗುಲು ಬದಲಿಸುವುದು. ಎಲ್ಲಕ್ಕಿಂತ ನಿರಪಾಯಕಾರಿ, ದಿನಕ್ಕೆ ಹತ್ತಾರು ಬಾರಿ ಮಾಡುವ ಕೆಲಸವೇ ಎಲ್ಲಕ್ಕಿಂತ ನೋವಿನದಾಗಿತ್ತು. ಈ ಕೆಲಸಗಳಿಗೆ ಮುಂಚೆ ಅಫೀಮು ವರ್ಗದ ನೋವುನಿವಾರಕ ಪಡೆದವರು ಐದರಲ್ಲಿ ಒಬ್ಬರಿಗಿಂತ ಕಡಿಮೆ.

ಹಾಗಾದರೆ ಮಾತಿಲ್ಲದ ರೋಗಿಯ ನೋವನ್ನು ಅಳೆಯುವುದು ಹೇಗೆ? ಮಾಂಟ್ರಿಯಲ್‌ನ ನರ್ಸ್ ಸಂಶೋಧಕಿ ಸೆಲೀನ್ ಜೆಲಿನಾ 2006ರಲ್ಲಿ ಕೊಟ್ಟ ಸಾಧನ ಇಂದು ಬಹಳ ಕಡೆ ಬಳಕೆಯಲ್ಲಿದೆ. ಸಿಪಾಟ್ ಎಂದು ಕರೆಯುವ ಅದಕ್ಕೆ ಯಂತ್ರ ಬೇಡ, ನೋಡುವ ಕಣ್ಣು ಸಾಕು. ನರ್ಸ್ ಹಾಸಿಗೆಯ ಬಳಿ ನಿಂತು ಮೊದಲು ಮುಖ ನೋಡುತ್ತಾರೆ. ಹುಬ್ಬು ಗಂಟಿಕ್ಕಿದೆಯೇ, ಕಣ್ಣು ಬಿಗಿದಿದೆಯೇ, ಟ್ಯೂಬನ್ನು ಕಚ್ಚುತ್ತಿದ್ದಾರೆಯೇ? ಆಮೇಲೆ ಮೈ. ನಿಶ್ಚಲವಾಗಿದ್ದಾರೋ, ನೋವಿರುವ ಜಾಗಕ್ಕೆ ಮೆಲ್ಲಗೆ ಕೈ ಒಯ್ಯುತ್ತಾರೋ, ಎದ್ದು ಟ್ಯೂಬ್ ಎಳೆಯಲು ಹೊರಡುತ್ತಾರೋ? ಮೂರನೆಯದು ವೆಂಟಿಲೇಟರ್ ಜತೆಗಿನ ಹೊಂದಾಣಿಕೆ. ಯಂತ್ರ ಕೊಡುವ ಉಸಿರನ್ನು ತೆಗೆದುಕೊಳ್ಳುತ್ತಾರೋ, ಕೆಮ್ಮುತ್ತಾರೋ, ಎದುರಿಸಿ ಅಲಾರಾಂ ಕೂಗಿಸುತ್ತಾರೋ? ಕೊನೆಗೆ ರೋಗಿಯ ತೋಳನ್ನು ಹಿಡಿದು ಮೆಲ್ಲಗೆ ಮಡಚಿ ಬಿಡಿಸುತ್ತಾರೆ. ಸಡಿಲವಾಗಿದ್ದರೆ ಸೊನ್ನೆ, ಬಿಗಿ ಇದ್ದರೆ ಒಂದು, ಮಡಚಲಾರದಷ್ಟು ಸೆಟೆದಿದ್ದರೆ ಎರಡು. ನಾಲ್ಕೂ ಸೇರಿ ಎಂಟು ಅಂಕ. ಎರಡನ್ನು ದಾಟಿದರೆ ನೋವಿದೆ ಎಂದು ತಿಳಿದು ಔಷಧಿ ಕೊಡಿಸಬೇಕು. ಒಂದೇ ನಿಮಿಷದ ಕೆಲಸ. ರಕ್ತದೊತ್ತಡ ಅಥವಾ ನಾಡಿ ಏರಿತೆಂಬ ಮಾತ್ರಕ್ಕೆ ನೋವನ್ನು ಅಂದಾಜು ಮಾಡುವುದಕ್ಕಿಂತ ಇದು ಎಷ್ಟೋ ನಂಬಲರ್ಹ.

ತುಟಿ ಒಣಗಿದವರ ಬಾಯಾರಿಕೆ

ನೋವಿನ ಬೆನ್ನು ಹತ್ತಿದ ಪುಂಟಿಲ್ಲೊಗೆ ರೋಗಿಗಳು ಇನ್ನೊಂದು ಸಂಕಟವನ್ನೂ ಹೇಳಿಕೊಂಡರು: ದಾಹ. ಬಾಯಿಂದ ನೀರು ಕೊಡುವಂತಿಲ್ಲ, ಡ್ರಿಪ್‌ನಲ್ಲಿ ಹೋಗುವ ದ್ರವ ನಾಲಿಗೆಯನ್ನು ತಣಿಸುವುದಿಲ್ಲ. ಚಾರ್ಟಿನಲ್ಲಿ ದ್ರವದ ಲೆಕ್ಕ ಸರಿಯಾಗಿಯೇ ಇರುತ್ತದೆ, ಗಂಟಲು ಮಾತ್ರ ಬೆಂದಂತಿರುತ್ತದೆ. 2014ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 252 ರೋಗಿಗಳಿದ್ದರು. ಒಂದು ಗುಂಪಿನವರಿಗೆ ತಂಪಾದ ಶುದ್ಧ ನೀರನ್ನು ಬಾಯೊಳಗೆ ತುಂತುರಾಗಿ ಸಿಂಪಡಿಸಿದರು, ಸ್ಪಂಜಿನ ಕಡ್ಡಿಯಿಂದ ನಾಲಿಗೆ ಒಸಡು ಒರೆಸಿದರು, ತುಟಿಗೆ ಮೆಂಥಾಲ್ ಇರುವ ಲೇಪ ಹಚ್ಚಿದರು. ಇನ್ನೊಂದು ಗುಂಪಿಗೆ ಎಂದಿನ ಆರೈಕೆ. ಮೊದಲ ಗುಂಪಿನಲ್ಲಿ ದಾಹದ ತೀವ್ರತೆಯೂ ಅದರ ಸಂಕಟವೂ ಸ್ಪಷ್ಟವಾಗಿ ಇಳಿದವು.

ಇಷ್ಟು ಅಗ್ಗದ, ಇಷ್ಟು ಸರಳವಾದ ಉಪಾಯವನ್ನು ಪ್ರಯೋಗ ಮಾಡಿ ಸಾಬೀತು ಪಡಿಸಬೇಕೇ ಎಂದು ಯಾರಾದರೂ ಕೇಳಬಹುದು. ಪಡಿಸಬೇಕು. ಹತ್ತು ಕೆಲಸ ಒಟ್ಟಿಗೆ ಮೈಮೇಲೆ ಬಿದ್ದಾಗ ಸಾಬೀತಾಗದ ಕೆಲಸವೇ ಮೊದಲು ಪಟ್ಟಿಯಿಂದ ಬಿದ್ದುಹೋಗುತ್ತದೆ.

ತಲೆಯ ಎತ್ತರ, ಬಾಯಿಯ ಶುಚಿ

ವೆಂಟಿಲೇಟರ್ ಮೇಲಿರುವವರಿಗೆ ಅಲ್ಲೇ ಹೊಸದಾಗಿ ನ್ಯುಮೋನಿಯ ಬರುವುದುಂಟು. ಬಾಯಿಯ, ಹೊಟ್ಟೆಯ ಸ್ರಾವ ಟ್ಯೂಬಿನ ಸುತ್ತಲಿನ ಸಣ್ಣ ಬಲೂನಿನ ಅಂಚಿನಿಂದ ಶ್ವಾಸಕೋಶಕ್ಕೆ ಜಿನುಗುವುದು ಅದಕ್ಕೆ ಮುಖ್ಯ ಕಾರಣ. ಹಾಸಿಗೆಯ ತಲೆಭಾಗ ಎತ್ತರಿಸಿದರೆ ಇದನ್ನು ತಡೆಯಬಹುದೆಂದು 1999ರಲ್ಲಿ ಬಾರ್ಸಿಲೋನಾದ ತಂಡ ತೋರಿಸಿತು. 86 ರೋಗಿಗಳಲ್ಲಿ, ಚಪ್ಪಟೆ ಮಲಗಿದವರ ಪೈಕಿ ಶೇ. 34 ಮಂದಿಗೆ ನ್ಯುಮೋನಿಯದ ಲಕ್ಷಣ ಕಂಡರೆ, 45 ಡಿಗ್ರಿ ಎತ್ತರಿಸಿದವರಲ್ಲಿ ಶೇ. 8 ಮಾತ್ರ. ಜಗತ್ತಿನ ಐಸಿಯುಗಳೆಲ್ಲ ಇದನ್ನು ನಿಯಮವಾಗಿ ಬರೆದುಕೊಂಡವು.

2006ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಇದನ್ನೇ ಮತ್ತೆ ಪರೀಕ್ಷಿಸಿದರು. ಈ ಸಲ ಹಾಸಿಗೆಗೆ ಕೋನ ಅಳೆಯುವ ಸಾಧನ ಅಳವಡಿಸಿ, ನಿಜವಾಗಿ ಎಷ್ಟು ಎತ್ತರ ಇದೆ ಎಂದು ಹಗಲಿರುಳು ದಾಖಲಿಸಿದರು. ಗುರಿ 45 ಡಿಗ್ರಿ. ಸಿಕ್ಕಿದ್ದು ಮೊದಲ ದಿನ ಸರಾಸರಿ ಸುಮಾರು 28, ಏಳನೆಯ ದಿನಕ್ಕೆ ಸುಮಾರು 23. ರೋಗಿ ಜಾರುತ್ತಾರೆ, ಸ್ನಾನ ಮಾಡಿಸಲು ಹಾಸಿಗೆ ಇಳಿಸಬೇಕು, ಎಕ್ಸ್‌ರೇ ತೆಗೆಯಲು ಇಳಿಸಬೇಕು, ರಕ್ತದೊತ್ತಡ ಬಿದ್ದರೆ ಇಳಿಸಬೇಕು. ಇವರಿಗೂ ಎಂದಿನಂತೆ ಮಲಗಿಸಿದ ಗುಂಪಿಗೂ ನಡುವೆ ನ್ಯುಮೋನಿಯದ ವ್ಯತ್ಯಾಸ ಕಾಣಲಿಲ್ಲ. ಈ ಅಧ್ಯಯನ ನನಗೆ ತುಂಬ ಮುಖ್ಯವೆನಿಸುತ್ತದೆ. ಕಾಗದದ ಮೇಲಿನ ಆದೇಶಕ್ಕೂ ಹಾಸಿಗೆಯ ಮೇಲಿನ ವಾಸ್ತವಕ್ಕೂ ಇರುವ ಅಂತರವನ್ನು ಅದು ಡಿಗ್ರಿ ಲೆಕ್ಕದಲ್ಲಿ ಅಳೆದು ಕೊಟ್ಟಿತು. ಇಂದಿನ ಸಾಮಾನ್ಯ ಸಲಹೆ 30ರಿಂದ 45 ಡಿಗ್ರಿ.

ಬಾಯಿ ಶುಚಿಯ ಕತೆ ಇನ್ನೊಂದು ತಿರುವು ಪಡೆಯಿತು. ಕ್ಲೋರ್‌ಹೆಕ್ಸಿಡೀನ್ ಎಂಬ ಸೋಂಕುನಾಶಕ ದ್ರಾವಣದಿಂದ ಬಾಯಿ ಒರೆಸುವುದು ವರ್ಷಗಟ್ಟಲೆ ಎಲ್ಲೆಡೆ ಕಡ್ಡಾಯ ಪಟ್ಟಿಯಲ್ಲಿತ್ತು. ಎಲ್ಲ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದವರಿಗೆ 2014ರ ಹೊತ್ತಿಗೆ ಸಂಶಯ ಬಂತು: ಲಾಭ ಸ್ಪಷ್ಟವಿಲ್ಲ, ಸಾವಿನ ಪ್ರಮಾಣ ತುಸು ಹೆಚ್ಚುತ್ತಿರಬಹುದೇ? ಟೊರಾಂಟೊದಲ್ಲಿ ನರ್ಸ್ ಸಂಶೋಧಕ ಕ್ರೇಗ್ ಡೇಲ್ ಮುಂದಾಳತ್ವದ ತಂಡ ಆರು ಐಸಿಯುಗಳಲ್ಲಿ ಕ್ಲೋರ್‌ಹೆಕ್ಸಿಡೀನ್ ನಿಲ್ಲಿಸಿ, ಬದಲಿಗೆ ಬ್ರಷ್‌ನಿಂದ ಹಲ್ಲುಜ್ಜುವುದೂ ಸೇರಿದಂತೆ ಕ್ರಮಬದ್ಧ ಬಾಯಿ ಆರೈಕೆ ಜಾರಿಗೆ ತಂದಿತು. 2021ರ ವರದಿಯಂತೆ ನಿಲ್ಲಿಸಿದ್ದರಿಂದ ಸಾವು ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. 2022ರ ಅಮೆರಿಕದ ಸೋಂಕು ನಿಯಂತ್ರಣ ಮಾರ್ಗಸೂಚಿ ಕ್ಲೋರ್‌ಹೆಕ್ಸಿಡೀನ್ ಬೇಡ, ಹಲ್ಲುಜ್ಜಿ ಎಂದಿತು. ಮರುವರ್ಷ ಪ್ರಕಟವಾದ ಸಮಗ್ರ ವಿಶ್ಲೇಷಣೆಯಲ್ಲಿ, ದಿನವೂ ಹಲ್ಲುಜ್ಜಿಸಿಕೊಂಡ ವೆಂಟಿಲೇಟರ್ ರೋಗಿಗಳಲ್ಲಿ ನ್ಯುಮೋನಿಯ ಕಡಿಮೆ ಕಂಡಿತು. ಕೊನೆಗೆ ನಿಂತದ್ದು ಸಾಮಾನ್ಯ ಹಲ್ಲುಜ್ಜುವ ಬ್ರಷ್ಷೇ.

ವೆಲ್ಲೂರಿನ ಈಜು ಕನ್ನಡಕ

ಮತ್ತಿನಲ್ಲಿರುವವರ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಕಣ್ಣ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಒಣಗಿ, ಗೀರಿ, ಸೋಂಕು ತಗುಲಿ ದೃಷ್ಟಿಯೇ ಹೋಗಬಹುದು. ಜೀವ ಉಳಿಸುವ ಗಡಿಬಿಡಿಯಲ್ಲಿ ಕಣ್ಣಿನ ಕಡೆ ಗಮನ ಹೋಗುವುದು ತಡವಾಗಿ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ತಂಡವೊಂದು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನೆಯಬೇಕಾದದ್ದು. ಕೆಲವರ ಕಣ್ಣಿಗೆ ಮುಲಾಮು ಹಾಕಿ ರೆಪ್ಪೆಗೆ ಟೇಪ್ ಅಂಟಿಸಿದರು. ಇನ್ನು ಕೆಲವರ ಕಣ್ಣಿನ ಮೇಲೆ ಶುದ್ಧ ನೀರಿನಲ್ಲಿ ನೆನೆಸಿದ ಗಾಜ್ ಇಟ್ಟು, ಈಜುವವರು ಹಾಕುವ ಕನ್ನಡಕವನ್ನು ಕಟ್ಟಿ ಒಳಗೆ ತೇವ ಉಳಿಯುವಂತೆ ಮಾಡಿದರು. ಕನ್ನಡಕ ಕಟ್ಟಿದವರಲ್ಲಿ ಕಣ್ಣಿನ ಹಾನಿ ಬಹಳ ಕಡಿಮೆಯಿತ್ತು. ಅಂಗಡಿಯಲ್ಲಿ ಸಿಗುವ ವಸ್ತು, ಸ್ವಂತ ವಾರ್ಡಿನ ಪ್ರಶ್ನೆ, ಸ್ವಂತ ರೋಗಿಗಳ ಮೇಲೆ ಪರೀಕ್ಷಿಸಿದ ಉತ್ತರ. ನಮ್ಮ ಆಸ್ಪತ್ರೆಗಳಲ್ಲಿ ಇಂಥ ಸಂಶೋಧನೆಗೆ ಬೇಕಾದ್ದೆಲ್ಲ ಇದೆ.

ಕೂಗುವ ಯಂತ್ರಗಳು

ಸ್ಯಾನ್‌ಫ್ರಾನ್ಸಿಸ್ಕೊದ ನರ್ಸ್ ವಿಜ್ಞಾನಿ ಬಾರ್ಬರಾ ಡ್ರೂ ತಂಡ ಐದು ಐಸಿಯುಗಳ ಮಾನಿಟರುಗಳನ್ನು 31 ದಿನ ದಾಖಲಿಸಿತು. 461 ರೋಗಿಗಳಿಗೆ ಬಂದ ಅಲಾರಾಂಗಳು 25 ಲಕ್ಷಕ್ಕೂ ಹೆಚ್ಚು. ಕಿವಿಗೆ ಕೇಳಿಸುವಂಥವೇ ಹಾಸಿಗೆಯೊಂದಕ್ಕೆ ದಿನಕ್ಕೆ 187. ಹೃದಯ ಬಡಿತದ ಏರುಪೇರು ಎಂದು ಕೂಗಿದ 12,671 ಅಲಾರಾಂಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ ಶೇ. 88.8 ಸುಳ್ಳೆಂದು ತಿಳಿಯಿತು. 2014ರಲ್ಲಿ ಈ ಅಂಕಿಗಳು ಹೊರಬಂದ ಮೇಲೆ, ಅಲಾರಾಂಗೆ ಓಗೊಡದ ನರ್ಸನ್ನು ಬೈಯುವ ಮುನ್ನ ಯಂತ್ರದ ಮಿತಿಗಳನ್ನು ರೋಗಿಗೆ ತಕ್ಕಂತೆ ಹೊಂದಿಸಿದ್ದೀರಾ ಎಂದು ಕೇಳುವುದು ಸಾಧ್ಯವಾಯಿತು. ಬೆವರಿದ ಎದೆಯಿಂದ ಕಳಚಿದ ಸ್ಟಿಕ್ಕರುಗಳನ್ನು ದಿನವೂ ಬದಲಿಸಿದರೆ ಸುಳ್ಳು ಕೂಗು ಕಡಿಮೆಯಾಗುತ್ತದೆ ಎಂಬ ಸಣ್ಣ ಸಂಗತಿಗೂ ಆಗ ಬೆಲೆ ಬಂತು.

ಸನ್ನಿ, ನಿದ್ದೆ, ಮತ್ತು ಬರಿಸುವ ಔಷಧಿ

ಐಸಿಯುನಲ್ಲಿ ಇದ್ದಕ್ಕಿದ್ದಂತೆ ದಿಕ್ಕು ತಪ್ಪಿದವರಂತೆ ಆಡುವುದು, ಇಲ್ಲದ್ದನ್ನು ಕಾಣುವುದು, ಅಥವಾ ಏನೂ ಮಾತಾಡದೆ ಮಂಕಾಗಿ ಗೋಡೆ ನೋಡುತ್ತ ಮಲಗುವುದು ಸನ್ನಿಯ ಲಕ್ಷಣ. ಗಲಾಟೆ ಮಾಡುವ ಸನ್ನಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಮಂಕು ಸನ್ನಿಯನ್ನು ‘ಪಾಪ, ಸುಮ್ಮನೆ ಮಲಗಿದ್ದಾರೆ’ ಎಂದು ಬಿಟ್ಟುಬಿಡುತ್ತಾರೆ. ನ್ಯಾಶ್‌ವಿಲ್‌ನ ತಂಡ 2001ರಲ್ಲಿ ಹಾಸಿಗೆಯ ಬಳಿಯೇ ಇದನ್ನು ಗುರುತಿಸುವ ವಿಧಾನ ರೂಪಿಸಿತು. ನರ್ಸ್ ರೋಗಿಯ ಕೈ ಹಿಡಿದು ಹತ್ತು ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಾರೆ, ಗೊತ್ತುಪಡಿಸಿದ ಅಕ್ಷರ ಬಂದಾಗ ಮಾತ್ರ ಕೈ ಅದುಮಬೇಕು. ಎರಡಕ್ಕಿಂತ ಹೆಚ್ಚು ತಪ್ಪಾದರೆ ಗಮನ ಚದುರಿದೆ ಎಂದರ್ಥ. ಆಮೇಲೆ ಕಲ್ಲು ನೀರಿನಲ್ಲಿ ತೇಲುತ್ತದೆಯೇ, ಸಮುದ್ರದಲ್ಲಿ ಮೀನು ಇದೆಯೇ ಎಂಬಂಥ ಪ್ರಶ್ನೆಗಳು. ತಲೆಯಾಡಿಸಿದರೆ ಸಾಕು. ಅದೇ ತಂಡ 2004ರಲ್ಲಿ ವೆಂಟಿಲೇಟರ್ ಮೇಲಿದ್ದ 224 ಮಂದಿಯ ವಿವರ ಪ್ರಕಟಿಸಿತು. ಆರು ತಿಂಗಳೊಳಗೆ ತೀರಿಕೊಂಡವರು, ಸನ್ನಿ ಕಂಡವರಲ್ಲಿ ಶೇ. 34, ಕಾಣದವರಲ್ಲಿ ಶೇ. 15.

ತಡೆಯುವ ದಾರಿಗಳಲ್ಲಿ ಹೆಚ್ಚಿನವು ಶುಶ್ರೂಷೆಯವೇ. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ 136 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ರಾತ್ರಿ ಕಿವಿಗೆ ಬೆಣೆ ಇಟ್ಟುಕೊಂಡವರಲ್ಲಿ ಗೊಂದಲ ಕಡಿಮೆಯಿತ್ತು. ಮನೆಯ ಕನ್ನಡಕ, ಶ್ರವಣಯಂತ್ರ ತಂದುಕೊಡುವುದು, ಗಡಿಯಾರ ಕಾಣುವಂತೆ ಇಡುವುದು, ಹಗಲು ಬೆಳಕು ಬಿಡುವುದು, ಬೇಗ ಎಬ್ಬಿಸಿ ಕೂರಿಸುವುದು ಇವೆಲ್ಲ ಈಗ ಒಂದು ಕಟ್ಟಾಗಿ ಮಾಡುವ ಆರೈಕೆಯ ಭಾಗ. ನರ್ಸ್ ಸಂಶೋಧಕಿ ಬ್ರೆಂಡಾ ಪನ್ ಮುಂದಾಳತ್ವದಲ್ಲಿ 68 ಐಸಿಯುಗಳ 15 ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿ 2019ರಲ್ಲಿ ಪ್ರಕಟವಾಯಿತು. ಕಟ್ಟಿನಲ್ಲಿರುವ ಕೆಲಸಗಳನ್ನು ಹೆಚ್ಚು ಪೂರೈಸಿದಷ್ಟೂ ಸನ್ನಿ ಕಡಿಮೆ, ಬದುಕುಳಿಯುವವರು ಹೆಚ್ಚು ಎಂಬ ನಂಟನ್ನು ಅದು ತೋರಿಸಿತು.

ಮತ್ತು ಬರಿಸುವ ಔಷಧಿಯ ವಿಷಯದಲ್ಲಿ ಎರಡು ಊರುಗಳ ಕತೆ ಹೇಳಲೇಬೇಕು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಒಂದು ಲಿಖಿತ ಕ್ರಮವನ್ನು ನರ್ಸುಗಳ ಕೈಗೆ ಕೊಟ್ಟು, ಔಷಧಿಯ ಪ್ರಮಾಣವನ್ನು ಅವರೇ ಏರಿಸಿ ಇಳಿಸುವಂತೆ ಮಾಡಿದರು. 1999ರ ಆ ಅಧ್ಯಯನದಲ್ಲಿ 321 ರೋಗಿಗಳಿದ್ದರು. ವೆಂಟಿಲೇಟರ್ ಮೇಲಿನ ಮಧ್ಯಮ ಅವಧಿ ಸುಮಾರು 117 ಗಂಟೆಯಿಂದ 56 ಗಂಟೆಗೆ ಇಳಿಯಿತು. ಅದೇ ಬಗೆಯ ಕ್ರಮವನ್ನು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಟ್ರೇಸಿ ಬಕ್ನಾಲ್ ತಂಡ 312 ರೋಗಿಗಳ ಮೇಲೆ ಪರೀಕ್ಷಿಸಿ 2008ರಲ್ಲಿ ವರದಿ ಮಾಡಿತು. ಯಾವ ಲಾಭವೂ ಕಾಣಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಆಸ್ಟ್ರೇಲಿಯಾದಲ್ಲಿ ವೆಂಟಿಲೇಟರ್ ಮೇಲಿನ ಪ್ರತಿ ರೋಗಿಗೂ ಒಬ್ಬ ತರಬೇತಾದ ನರ್ಸ್ ಮೊದಲಿನಿಂದಲೂ ಇದ್ದರು, ಔಷಧಿ ಹೊಂದಿಸುವ ಸ್ವಾತಂತ್ರ್ಯವೂ ಅವರಿಗಿತ್ತು. ಲಿಖಿತ ಕ್ರಮ ಮಾಡಬಹುದಾದ ಕೆಲಸವನ್ನು ಅವರು ಆಗಲೇ ಮಾಡುತ್ತಿದ್ದರು. ಬೇರೆ ದೇಶದ ಫಲಿತಾಂಶವನ್ನು ತಂದು ನಮ್ಮ ಗೋಡೆಗೆ ಅಂಟಿಸುವ ಮುನ್ನ ಈ ಎರಡು ಊರುಗಳನ್ನು ನೆನೆಯುವುದು ಒಳ್ಳೆಯದು.

ಬಾಗಿಲಾಚೆ ಕಾಯುವವರು

ಐಸಿಯು ಬಾಗಿಲಿನ ಹೊರಗೆ ಚಾಪೆ ಹಾಸಿಕೊಂಡು ದಿನಗಟ್ಟಲೆ ಕಾಯುವ ಮನೆಯವರನ್ನು ನಮ್ಮ ಯಾವ ದೊಡ್ಡ ಆಸ್ಪತ್ರೆಯಲ್ಲೂ ಕಾಣಬಹುದು. ಸೆಕ್ಯುರಿಟಿಯವರು ‘ಅಟೆಂಡರ್ ಯಾರ್ರೀ’ ಎಂದು ಕೂಗಿದರೆ ಎಲ್ಲರ ಎದೆಯೂ ಒಮ್ಮೆಗೇ ಹಾರುತ್ತದೆ. ಇವರಿಗೆ ಏನು ಬೇಕು ಎಂದು ಕ್ರಮವಾಗಿ ಕೇಳಿದ ಮೊದಲಿಗರಲ್ಲಿ ಒಬ್ಬರು ಅಮೆರಿಕದ ನರ್ಸ್ ನ್ಯಾನ್ಸಿ ಮೋಲ್ಟರ್. 1979ರ ಅವರ ಅಧ್ಯಯನದಲ್ಲಿ 40 ಮಂದಿ ಬಂಧುಗಳು 45 ಅಗತ್ಯಗಳಿಗೆ ತೂಕ ಕೊಟ್ಟರು. ಎಲ್ಲಕ್ಕಿಂತ ಮೇಲೆ ನಿಂತದ್ದು ಭರವಸೆ ಇದೆ ಎಂಬ ಭಾವ. ಸಿಬ್ಬಂದಿಗೆ ನಮ್ಮ ರೋಗಿಯ ಬಗ್ಗೆ ಅಕ್ಕರೆ ಇದೆ ಎಂದು ತಿಳಿಯುವುದು, ಸ್ಥಿತಿ ಬದಲಾದರೆ ಮನೆಗೆ ಫೋನ್ ಮಾಡುವುದು, ಕೇಳಿದ್ದಕ್ಕೆ ನಿಜವಾದ ಉತ್ತರ ಸಿಗುವುದು ಅದರ ಆಸುಪಾಸಿನಲ್ಲಿದ್ದವು. ತಮ್ಮ ಸ್ವಂತ ಅನುಕೂಲವನ್ನು ಅವರು ಎಷ್ಟೋ ಕೆಳಗಿಟ್ಟಿದ್ದರು.

ಭೇಟಿಯ ಸಮಯ ಹೆಚ್ಚಿಸಿದರೆ ಸೋಂಕು ಹೆಚ್ಚುತ್ತದೆ, ಕೆಲಸಕ್ಕೆ ಅಡ್ಡಿ ಎಂಬ ಭಯವನ್ನು ಬ್ರೆಜಿಲ್‌ನ 36 ಐಸಿಯುಗಳು ಪರೀಕ್ಷೆಗೆ ಒಡ್ಡಿದವು. ದಿನಕ್ಕೆ 12 ಗಂಟೆವರೆಗೆ ಬಂಧುಗಳನ್ನು ಬಿಟ್ಟಾಗ ಸನ್ನಿ ಕಡಿಮೆಯಾಗಬಹುದೆಂಬ ನಿರೀಕ್ಷೆ ಹುಸಿಯಾಯಿತು. ಆದರೆ ಸೋಂಕೂ ಹೆಚ್ಚಲಿಲ್ಲ, ಮನೆಯವರ ಆತಂಕ, ಖಿನ್ನತೆ ಇಳಿದವು. 2019ರ ಈ ಫಲಿತಾಂಶ, ಐದು ನಿಮಿಷ ಇಣುಕಿ ಹೋಗಿ ಎನ್ನುವ ನಮ್ಮ ಪದ್ಧತಿಗೆ ನೇರವಾದ ಪ್ರಶ್ನೆ.

ಸ್ಕ್ಯಾಂಡಿನೇವಿಯಾದ ನರ್ಸುಗಳು ಬೆಳೆಸಿದ ಇನ್ನೊಂದು ಪದ್ಧತಿ ದಿನಚರಿ ಬರೆಯುವುದು. ಪ್ರಜ್ಞೆಯಿಲ್ಲದ ರೋಗಿಗಾಗಿ ನರ್ಸುಗಳು, ಮನೆಯವರು ದಿನವೂ ನಾಲ್ಕು ಸಾಲು ಬರೆದಿಡುತ್ತಾರೆ: ಇವತ್ತು ಜ್ವರ ಇಳಿಯಿತು, ಮಗಳು ಬಂದು ಕೈ ಹಿಡಿದು ಕೂತಿದ್ದಳು. ಚೇತರಿಸಿಕೊಂಡವರು ಕಳೆದುಹೋದ ದಿನಗಳನ್ನು ಅದರಿಂದ ಜೋಡಿಸಿಕೊಳ್ಳುತ್ತಾರೆ. 2010ರಲ್ಲಿ ನರ್ಸ್ ಸಂಶೋಧಕಿ ಕ್ರಿಸ್ಟಿನಾ ಜೋನ್ಸ್ ತಂಡ 352 ರೋಗಿಗಳಲ್ಲಿ, ದಿನಚರಿ ಪಡೆದವರಿಗೆ ಆಘಾತೋತ್ತರ ಮಾನಸಿಕ ತೊಂದರೆ ಶೇ. 5, ಪಡೆಯದವರಿಗೆ ಶೇ. 13 ಎಂದು ತೋರಿಸಿತು. 2019ರಲ್ಲಿ ಫ್ರಾನ್ಸಿನ 35 ಐಸಿಯುಗಳ ದೊಡ್ಡ ಪ್ರಯೋಗದಲ್ಲಿ ಮಾತ್ರ ಅಂಥ ವ್ಯತ್ಯಾಸ ಸಾಬೀತಾಗಲಿಲ್ಲ. ಈ ವಿಷಯದಲ್ಲಿ ಕೊನೆಯ ಮಾತು ಇನ್ನೂ ಬಂದಿಲ್ಲ.

ಎಷ್ಟು ರೋಗಿಗೆ ಎಷ್ಟು ನರ್ಸ್

ಮೇಲಿನದೆಲ್ಲ ಮಾಡಲು ಕೈಗಳು ಬೇಕು. ಅಮೆರಿಕದ ನರ್ಸ್ ಸಂಶೋಧಕಿ ಲಿಂಡಾ ಐಕನ್ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಎರಡು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸಾ ರೋಗಿಗಳ ಮಾಹಿತಿಯನ್ನು 2002ರಲ್ಲಿ ವಿಶ್ಲೇಷಿಸಿದರು. ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, 30 ದಿನದೊಳಗೆ ಸಾಯುವ ಸಂಭವ ಶೇ. 7 ಏರುತ್ತದೆ. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳ ನಾಲ್ಕು ಲಕ್ಷಕ್ಕೂ ಹೆಚ್ಚು ರೋಗಿಗಳಲ್ಲಿ ಅದೇ ಶೇ. 7 ಮತ್ತೆ ಬಂತು. ಪದವಿ ಪಡೆದ ನರ್ಸುಗಳ ಪ್ರಮಾಣ ಶೇ. 10 ಹೆಚ್ಚಿದರೆ ಸಾವಿನ ಸಂಭವ ಶೇ. 7 ಇಳಿಯುತ್ತದೆ ಎಂದೂ ಗೊತ್ತಾಯಿತು. ಇವು ಸಾಮಾನ್ಯ ವಾರ್ಡುಗಳನ್ನೂ ಒಳಗೊಂಡ ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಕಾನೂನೇ ಇದೆ, ಐಸಿಯುನಲ್ಲಿ ಒಬ್ಬ ನರ್ಸಿಗೆ ಇಬ್ಬರಿಗಿಂತ ಹೆಚ್ಚು ರೋಗಿಗಳನ್ನು ಕೊಡುವಂತಿಲ್ಲ. ಭಾರತದಲ್ಲೂ ವೆಂಟಿಲೇಟರ್ ಮೇಲಿರುವವರಿಗೆ ಒಬ್ಬರಿಗೆ ಒಬ್ಬ ನರ್ಸ್ ಇರಬೇಕೆಂದೇ ತೀವ್ರ ನಿಗಾ ತಜ್ಞರ ಸಂಘದ ಮಾರ್ಗಸೂಚಿ ಹೇಳುತ್ತದೆ. ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್ ಮೂರು ಹಾಸಿಗೆಗಳ ನಡುವೆ ಓಡುವುದನ್ನು ಕಂಡವರಿಗೆ ಆ ಮಾರ್ಗಸೂಚಿ ಎಷ್ಟು ದೂರದಲ್ಲಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮಲ್ಲಿಯ ಸಂಶೋಧನೆ

ಭಾರತದಲ್ಲಿ ಶುಶ್ರೂಷೆಯ ಪದವಿ ಶಿಕ್ಷಣ 1946ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ಶುರುವಾಯಿತು. ಮೊದಲ ಸ್ನಾತಕೋತ್ತರ ತರಗತಿ 1959ರಲ್ಲಿ ದೆಹಲಿಯ ರಾಜಕುಮಾರಿ ಅಮೃತ್ ಕೌರ್ ಕಾಲೇಜಿನಲ್ಲಿ ಆರಂಭವಾಯಿತು. ಕರ್ನಾಟಕ ನರ್ಸಿಂಗ್ ಶಿಕ್ಷಣಕ್ಕೆ ದೇಶದಲ್ಲೇ ಹೆಸರಾದ ರಾಜ್ಯ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಎಂ.ಎಸ್ಸಿ. ನರ್ಸಿಂಗ್ ಓದುವ ಪ್ರತಿಯೊಬ್ಬರೂ ಪ್ರಬಂಧವೊಂದನ್ನು ಬರೆಯಲೇಬೇಕು. ನಿಮ್ಹಾನ್ಸ್, ಸೇಂಟ್ ಜಾನ್ಸ್, ಮಣಿಪಾಲದಂಥ ಕಡೆ ಗಟ್ಟಿ ಶುಶ್ರೂಷಾ ಕಾಲೇಜುಗಳಿವೆ. ಆದರೆ ಈ ಪ್ರಬಂಧಗಳಲ್ಲಿ ಬಹುಪಾಲು ‘ಇಂಥ ವಿಷಯದ ಬಗ್ಗೆ ನರ್ಸುಗಳ ತಿಳಿವಳಿಕೆ ಎಷ್ಟು, ಪಾಠ ಮಾಡಿದ ಮೇಲೆ ಎಷ್ಟು’ ಎಂಬ ಒಂದೇ ಅಚ್ಚಿನವು. ಬೈಂಡ್ ಆಗಿ ಲೈಬ್ರರಿಯ ಕಪಾಟು ಸೇರಿದರೆ ಮತ್ತೆ ಹೊರಬರುವುದಿಲ್ಲ. ಓದುವವರಲ್ಲಿ ಬುದ್ಧಿಗೆ ಕೊರತೆಯಿಲ್ಲ. ಕಾಲೇಜಿನಲ್ಲಿ ಪಾಠ ಮಾಡುವವರಿಗೂ ವಾರ್ಡಿನಲ್ಲಿ ಡ್ಯೂಟಿ ಮಾಡುವವರಿಗೂ ನಡುವೆ ನಂಟು ಕಡಿದಿದೆ, ಅಧ್ಯಯನಕ್ಕೆಂದು ಬಿಡುವು ಕೊಡುವ ಆಸ್ಪತ್ರೆ ಅಪರೂಪ.

ಭಾರತೀಯ ಶುಶ್ರೂಷಾ ಪರಿಷತ್ತು ಕಳೆದ ದಶಕದಲ್ಲಿ ಜಾರಿಗೆ ತಂದ ತೀವ್ರ ನಿಗಾ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸು ಈ ಕಡಿದ ನಂಟನ್ನು ಜೋಡಿಸಬಲ್ಲದು. ಅದರ ಹೆಚ್ಚಿನ ಸಮಯ ಕಳೆಯುವುದು ತರಗತಿಯಲ್ಲಲ್ಲ, ಐಸಿಯುನಲ್ಲೇ. ಪ್ರಶ್ನೆಗಳಿಗಂತೂ ಬರವಿಲ್ಲ. ಕೈ ಅದುಮುವ ಸನ್ನಿ ಪರೀಕ್ಷೆಯನ್ನು ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಅಕ್ಷರಗಳಲ್ಲದೆ ಬೇರೆ ಯಾವುದರಿಂದ ಮಾಡಬೇಕು? ಕಲಬುರಗಿಯ ಮೇ ತಿಂಗಳ ಸೆಕೆಯಲ್ಲಿ, ಬೆವರು ಹೀರದ ರೆಕ್ಸಿನ್ ಹೊದಿಕೆಯ ಹಾಸಿಗೆಯ ಮೇಲೆ, ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಚರ್ಮ ತಾಳುತ್ತದೆಯೇ? ಜಿಲ್ಲಾ ಆಸ್ಪತ್ರೆಯಲ್ಲಿ ಮನೆಯವರಿಗೆ ಕೈ ತೊಳೆಯುವುದನ್ನು ಕಲಿಸಿ, ಬಾಯಿ ಒರೆಸುವ, ತುಟಿ ತೇವ ಮಾಡುವ ಕೆಲಸವನ್ನು ಅವರಿಗೇ ಕೊಟ್ಟರೆ ಸೋಂಕು ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ? ಸ್ಪೇನ್, ಟೊರಾಂಟೊಗಳಿಂದ ಇದಕ್ಕೆ ಉತ್ತರ ಬರುವುದಿಲ್ಲ. ಈ ಹಾಸಿಗೆಗಳ ಪಕ್ಕದಲ್ಲಿ ಡ್ಯೂಟಿ ಮಾಡುವವರೇ, ಡ್ಯೂಟಿಯ ವೇಳೆಯಲ್ಲೇ, ಸಂಬಳ ಕಡಿತವಿಲ್ಲದೆ ಅಳೆದು ಬರೆಯಬೇಕಾದ ಉತ್ತರಗಳಿವು.